ಪ್ಲಗ್ ಎರಡು, ವಾಲ್ವ್ ಮೂರು: ಪೇಟೆಂಟಿನ ಮಾತಿನ ಜಗಳ ಮುಗಿಯಬೇಕಾದದ್ದು ಎಲ್ಲಿ?

ಮುಂಬಯಿಯ ಆಂಟಾಪ್ ಹಿಲ್ ಅಂಚೆ ಕಚೇರಿಯ ಹತ್ತಿರ, ಎಸ್.ಎಂ. ರೋಡಿನಲ್ಲಿ, ಬೌದ್ಧಿಕ ಸಂಪದಾ ಭವನ ಎಂಬ ಸರ್ಕಾರಿ ಕಟ್ಟಡವಿದೆ. ವಡಾಲಾ, ಮಾಟುಂಗಾ, ಸಯಾನ್ ಕಡೆಯ ಕನ್ನಡಿಗರಿಗೆ ಈ ದಾರಿ ಗೊತ್ತು. ಆದರೆ ಒಳಗೆ ಏನು ನಡೆಯುತ್ತದೆ ಎಂದು ಕೇಳಿದರೆ ಹೆಚ್ಚಿನವರು ಟ್ರೇಡ್‌ಮಾರ್ಕ್ ಎಂದಷ್ಟೇ ಹೇಳಿಯಾರು. ಟ್ರೇಡ್‌ಮಾರ್ಕಿನ ಜೊತೆಗೆ, ಭಾರತದ ಪೇಟೆಂಟ್ ಆಫೀಸಿನ ನಾಲ್ಕು ಕಚೇರಿಗಳಲ್ಲಿ ಒಂದು ಇರುವುದೂ ಇಲ್ಲೇ. ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶ, ಗೋವಾ, ಛತ್ತೀಸಗಡದವರು ಅರ್ಜಿ ಹಾಕಬೇಕಾದದ್ದು ಇಲ್ಲಿ, ಕರ್ನಾಟಕದವರು ಚೆನ್ನೈಯಲ್ಲಿ. ಈಗಿನ ಅರ್ಜಿ ಸಂಖ್ಯೆಯಲ್ಲಿ ಇಸವಿ ಮುಗಿದ ಕೂಡಲೇ ಬರುವ ಅಂಕಿ 2 ಆಗಿದ್ದರೆ ಮುಂಬಯಿ, 4 ಆಗಿದ್ದರೆ ಚೆನ್ನೈ.

ಇಲ್ಲಿ ಸಾಮಾನ್ಯವಾಗಿ ಯಾರೂ ಯಂತ್ರ ತಂದು ತಿರುಗಿಸಿ ತೋರಿಸುವುದಿಲ್ಲ, ಮಾತ್ರೆ ನುಂಗಿ ಸಾಬೀತು ಮಾಡುವುದಿಲ್ಲ. ಪರೀಕ್ಷೆಗೆ ಒಳಗಾಗುವುದು ಬರಹ. ಅದರಲ್ಲೂ ಅರ್ಜಿಯ ಕೊನೆಯಲ್ಲಿ ಅಂಕಿ ಹಾಕಿ ಬರೆದ ಕೆಲವು ವಾಕ್ಯಗಳು. ಅವಕ್ಕೆ ಕ್ಲೇಮು ಎನ್ನುತ್ತಾರೆ. ಜಮೀನಿನ ಕ್ರಯಪತ್ರದಲ್ಲಿ ಚೆಕ್ಕುಬಂದಿ ಇರುವ ಹಾಗೆ, ಆವಿಷ್ಕಾರದ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವುದು ಈ ವಾಕ್ಯಗಳೇ. ಪೇಟೆಂಟ್ ಮಂಜೂರಾದರೆ, ಅರ್ಜಿ ಹಾಕಿದ ದಿನದಿಂದ 20 ವರ್ಷ ತುಂಬುವವರೆಗೆ ಆ ಎಲ್ಲೆಯ ಒಳಗೆ ಬೇರೆಯವರು ಕಾಲಿಟ್ಟರೆ ಕೋರ್ಟಿಗೆ ಎಳೆಯಬಹುದು. 1970ರ ಪೇಟೆಂಟ್ ಕಾಯ್ದೆಯ 10ನೇ ಸೆಕ್ಷನ್ ಕ್ಲೇಮುಗಳ ಬಗ್ಗೆ ಹೇಳುವುದು ಬಹಳವಿಲ್ಲ: ಅವು ಸ್ಪಷ್ಟವಾಗಿರಬೇಕು, ಚಿಕ್ಕದಾಗಿ ಚೊಕ್ಕವಾಗಿರಬೇಕು, ಅರ್ಜಿಯ ವಿವರಣೆಯಲ್ಲಿ ಇರುವುದನ್ನೇ ಆಧರಿಸಿರಬೇಕು.

ಈ ಮೂರು ಬೇಡಿಕೆಗಳನ್ನು ಪೂರೈಸದ ಕ್ಲೇಮು ಮಂಜೂರಾಗಿ ಹೊರಗೆ ಬಂದರೆ ಅದರ ಖರ್ಚು ಬೀಳುವುದು ಪೇಟೆಂಟ್ ಪಡೆದವನ ಮೇಲೆ ಮಾತ್ರವಲ್ಲ. ಪೀಣ್ಯದಲ್ಲಿ, ರಾಜಕೋಟದಲ್ಲಿ ವರ್ಕ್‌ಶಾಪ್ ಇಟ್ಟುಕೊಂಡವನಿಗೆ ತಾನು ಮಾಡುತ್ತಿರುವುದು ತಪ್ಪೋ ಸರಿಯೋ ತಿಳಿಯುವುದಿಲ್ಲ. ಔಷಧಿ ಕೊಳ್ಳುವವನಿಗೆ ಅಗ್ಗದ ಮಾತ್ರೆ ಅಂಗಡಿಗೆ ಬರುತ್ತದೋ ಇಲ್ಲವೋ ತಿಳಿಯುವುದಿಲ್ಲ. ಮಾತಿನ ಜಗಳ ಆಂಟಾಪ್ ಹಿಲ್‌ನಂಥ ಕಚೇರಿಯ ಮೇಜಿನ ಮೇಲೆ, ಮಂಜೂರಾತಿಗೆ ಮುಂಚೆಯೇ ಮುಗಿಯಬೇಕು. ಅಲ್ಲಿ ತಪ್ಪಿದರೆ ಅದನ್ನು ಬಿಡಿಸಲು ಕೋರ್ಟುಗಳು ತೆಗೆದುಕೊಂಡಿರುವ ಕಾಲ ಎಷ್ಟೆಂದು ನೋಡಿದರೆ ಎದೆ ಭಾರವಾಗುತ್ತದೆ.

ಜಗಳ ಹೇಗೆ ಹುಟ್ಟುತ್ತದೆ ಎಂದು ತಿಳಿಯಲು ಒಂದು ಕಲ್ಪಿತ ಅರ್ಜಿಯನ್ನು ಕೈಗೆತ್ತಿಕೊಳ್ಳೋಣ. ತೀರ್ಥಹಳ್ಳಿ ಕಡೆಯ ಒಬ್ಬ ಮೆಕ್ಯಾನಿಕ್ ಅಡಿಕೆ ಸುಲಿಯುವ ಹೊಸ ಯಂತ್ರ ಮಾಡಿದ್ದಾನೆ. ಅವನ ಮೊದಲ ಕ್ಲೇಮು ಹೀಗಿದೆ ಎಂದಿಟ್ಟುಕೊಳ್ಳಿ: ‘ಒಂದು ತಿರುಗುವ ರೋಲರ್, ಅದರಿಂದ ಸೂಕ್ತ ಅಂತರದಲ್ಲಿ ಇರಿಸಿದ ಬ್ಲೇಡು ಹಾಗೂ ಒಂದು ಮೋಟಾರನ್ನು ಹೊಂದಿದ್ದು, ಅಡಿಕೆಯನ್ನು ವೇಗವಾಗಿ ಸುಲಿಯುವ ಯಂತ್ರ.’ ಓದಲು ತೊಂದರೆಯಿಲ್ಲ. ಪರೀಕ್ಷಕರು ಮಾತ್ರ ಎರಡು ಕಡೆ ಗೆರೆ ಎಳೆಯುತ್ತಾರೆ. ‘ವೇಗವಾಗಿ’ ಎಂದರೆ ಯಾವುದಕ್ಕಿಂತ ವೇಗ? ಅದು ಯಂತ್ರದ ರಚನೆಯಲ್ಲ, ಮಾಡಿದವನ ಆಸೆ. ‘ಸೂಕ್ತ ಅಂತರ’ ಎಂದರೆ ಎಷ್ಟು? ಅಂತರ ಸೂಕ್ತವೋ ಅಲ್ಲವೋ ಎಂದು ಹೇಳುವವರು ಯಾರು? ಪಕ್ಕದ ಊರಿನ ಇನ್ನೊಬ್ಬ ತನ್ನ ಯಂತ್ರದ ಬ್ಲೇಡನ್ನು ಎಷ್ಟು ಸರಿಸಿದರೆ ಈ ಕ್ಲೇಮಿನಿಂದ ಹೊರಗೆ ಉಳಿಯುತ್ತಾನೆ?

ಈ ಆಕ್ಷೇಪಗಳು ಮೊದಲ ಪರೀಕ್ಷಾ ವರದಿಯಲ್ಲಿ ಬರುತ್ತವೆ. ಈ ವ್ಯವಹಾರದವರೆಲ್ಲ ಅದನ್ನು ಎಫ್‌ಇಆರ್ ಎಂದೇ ಕರೆಯುವುದು. ಉತ್ತರಕ್ಕೆ ಆರು ತಿಂಗಳು, ಕೇಳಿಕೊಂಡರೆ ಇನ್ನೂ ಮೂರು. ನಮ್ಮ ಮೆಕ್ಯಾನಿಕ್ ‘ವೇಗವಾಗಿ’ ಎಂಬುದನ್ನು ಹೊಡೆದುಹಾಕಬಹುದು, ನಷ್ಟವೇನಿಲ್ಲ. ಅಂತರದ ವಿಷಯದಲ್ಲಿ ಅವನಿಗೆ ಎರಡು ದಾರಿ. ಒಂದು, ಮಿಲಿಮೀಟರಿನಲ್ಲಿ ಅಳತೆ ಕೊಡುವುದು. ಇನ್ನೊಂದು, ಕೆಲಸದಿಂದ ಅಳೆಯುವುದು: ಸಿಪ್ಪೆ ಸಹಿತ ಅಡಿಕೆಯ ದಪ್ಪಕ್ಕಿಂತ ಕಡಿಮೆ, ಒಳಗಿನ ಅಡಿಕೆಯ ದಪ್ಪಕ್ಕಿಂತ ಹೆಚ್ಚು. ಅಡಿಕೆಯೆಲ್ಲ ಒಂದೇ ಗಾತ್ರದ್ದಲ್ಲ ಎಂದು ಪರೀಕ್ಷಕರು ಮತ್ತೆ ಕೇಳಿದರೆ, ಬ್ಲೇಡನ್ನು ಹಿಂದೆ ಮುಂದೆ ಸರಿಸುವ ಸ್ಕ್ರೂವನ್ನೂ ಕ್ಲೇಮಿಗೆ ಸೇರಿಸಬೇಕಾದೀತು.

ಹೆಚ್ಚಿನವರು ಎಡವುವುದು ಇಲ್ಲೇ. ಆ ಸ್ಕ್ರೂವಿನ ವಿಷಯ, ಆ ಅಳತೆ, ಮೊದಲು ಹಾಕಿದ ಅರ್ಜಿಯ ವಿವರಣೆಯಲ್ಲಿ ಇರಲೇಬೇಕು. ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ತಿದ್ದುಪಡಿಯಲ್ಲಿ ಬಿಟ್ಟುಕೊಡಬಹುದು, ತಪ್ಪು ಸರಿಪಡಿಸಬಹುದು, ಇದ್ದುದನ್ನು ವಿವರಿಸಬಹುದು. ಮೂಲದಲ್ಲಿ ಇಲ್ಲದ ಹೊಸ ಸಂಗತಿಯನ್ನು ತುರುಕುವಂತಿಲ್ಲ, ಕ್ಲೇಮಿನ ಎಲ್ಲೆಯನ್ನು ಹಿಗ್ಗಿಸುವಂತಿಲ್ಲ. ವಿವರಣೆ ಬಡವಾಗಿದ್ದರೆ ಕ್ಲೇಮನ್ನು ಸ್ಪಷ್ಟಪಡಿಸಲು ಬೇಕಾದ ಸಾಮಗ್ರಿಯೇ ಇರುವುದಿಲ್ಲ. ಅರ್ಜಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕೆಂಬ ನಿಯಮ ಇರುವುದರಿಂದ ನಮ್ಮ ಕಡೆಯ ಕುಶಲಕರ್ಮಿಗಳು ಬರವಣಿಗೆಯನ್ನು ಪೂರ್ತಿ ಪೇಟೆಂಟ್ ಏಜೆಂಟರಿಗೆ ಒಪ್ಪಿಸಿ ಸುಮ್ಮನಾಗುತ್ತಾರೆ. ಹಾಗೆ ಮಾಡಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಯಂತ್ರವನ್ನು ಏಜೆಂಟರ ಮುಂದೆ ಬಿಚ್ಚಿಡಿ, ಒಂದೊಂದು ಭಾಗಕ್ಕೂ ಬೇರೆ ಏನೇನು ಹಾಕಬಹುದಿತ್ತು ಎಂದು ಹೇಳಿ, ಅಳತೆಗಳನ್ನು ಬರೆಸಿ.

ಇಂಥ ‘ಅಂತರ’ದ ಪ್ರಶ್ನೆ 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೂ ಬಂದಿತ್ತು. ವ್ಯಾಯಾಮದ ಯಂತ್ರದ ಹಿಡಿಯಲ್ಲಿ ಎದೆಬಡಿತ ಅಳೆಯುವ ಎರಡು ಎಲೆಕ್ಟ್ರೋಡುಗಳು ಪರಸ್ಪರ ಅಂತರದಲ್ಲಿ ಇರುತ್ತವೆ ಎಂದು ಕ್ಲೇಮು ಹೇಳಿತ್ತು. ಎಷ್ಟು ಅಂತರ ಎಂದು ಹೇಳಿರಲಿಲ್ಲ. ನಾಟಿಲಸ್ ಮತ್ತು ಬಯೋಸಿಗ್ ಕಂಪನಿಗಳ ನಡುವಿನ ಆ ಪ್ರಕರಣದಲ್ಲಿ ನ್ಯಾಯಾಲಯ, ಆ ಕಸುಬು ಬಲ್ಲವನಿಗೆ ಕ್ಲೇಮಿನ ಎಲ್ಲೆ ತಕ್ಕಮಟ್ಟಿನ ಖಚಿತತೆಯಿಂದ ತಿಳಿಯಬೇಕು, ಹೇಗೋ ಒಂದು ಅರ್ಥ ಹಚ್ಚಬಹುದು ಎಂದಾದರೆ ಸಾಲದು ಎಂದಿತು. ಪ್ರಕರಣ ಕೆಳಗಿನ ಕೋರ್ಟಿಗೆ ಮರಳಿದಾಗ ಆ ಕ್ಲೇಮು ಉಳಿದುಕೊಂಡಿತು. ಎರಡೂ ಎಲೆಕ್ಟ್ರೋಡುಗಳು ಒಂದೇ ಕೈಯ ಕೆಳಗೆ ಬರಬೇಕಾದ್ದರಿಂದ ಅಂತರ ಅಂಗೈ ಅಗಲವನ್ನು ಮೀರುವಂತಿಲ್ಲ ಎಂಬುದು ಬರಹವನ್ನು ಪೂರ್ತಿ ಓದಿದವನಿಗೆ ತಿಳಿಯುತ್ತದೆ ಎಂಬುದು ಕಾರಣ.

ಪೂರ್ತಿ ಓದಬೇಕು ಎಂಬ ಈ ಮಾತನ್ನು ನಮ್ಮ ಸುಪ್ರೀಂ ಕೋರ್ಟು ಬಹಳ ಹಿಂದೆಯೇ ಹೇಳಿದೆ, ಅದೂ ಪಾತ್ರೆಗಳ ವಿಷಯದಲ್ಲಿ. ಉತ್ತರ ಪ್ರದೇಶದ ಮಿರ್ಜಾಪುರ ಹಿತ್ತಾಳೆ ಪಾತ್ರೆಗಳಿಗೆ ಹೆಸರಾದ ಊರು. ಅಲ್ಲಿನ ಹಿಂದುಸ್ತಾನ್ ಮೆಟಲ್ ಇಂಡಸ್ಟ್ರೀಸ್ ಎಂಬ ಸಂಸ್ಥೆ ಪಾತ್ರೆಗಳನ್ನು ಲೇತಿಗೆ ಹಿಡಿಸಿ ತಿರುಗಿಸುವ ಸಾಧನವೊಂದಕ್ಕೆ 1951ರ ಡಿಸೆಂಬರಿನಿಂದ ಅನ್ವಯವಾಗುವಂತೆ ಪೇಟೆಂಟ್ ಪಡೆಯಿತು. ಹಳೆಯ ವಿಧಾನದಲ್ಲಿ ತಿರುಗುವ ಪಾತ್ರೆ ಲೇತಿನಿಂದ ಕಳಚಿ ಹಾರುವ ಭಯವಿತ್ತು. ಹೊಸದರಲ್ಲಿ ಇನ್ನೊಂದು ಬದಿಯಿಂದಲೂ ಒತ್ತಿ ಹಿಡಿಯುವ ಏರ್ಪಾಡು. ಅದೇ ಊರಿನ ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಸಂಸ್ಥೆ ಇದನ್ನೇ ಬಳಸುತ್ತಿದೆ ಎಂದು 1953ರಲ್ಲಿ ದಾವೆ ಬಿತ್ತು. ಅಲಹಾಬಾದ್ ಹೈಕೋರ್ಟಿನ ಏಕಸದಸ್ಯ ಪೀಠ ಪೇಟೆಂಟನ್ನೇ ರದ್ದು ಮಾಡಿತು, ವಿಭಾಗೀಯ ಪೀಠ ಮರಳಿ ಕೊಟ್ಟಿತು, ಕೊನೆಗೆ 1978ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮತ್ತೆ ರದ್ದು ಮಾಡಿತು. ಹಳೆಯ ಸಾಧನಕ್ಕೆ ಕುಶಲಕರ್ಮಿ ಸಹಜವಾಗಿ ಮಾಡಿಕೊಳ್ಳುವ ಸುಧಾರಣೆ ಇದು, ಆವಿಷ್ಕಾರವಲ್ಲ ಎಂಬುದು ತೀರ್ಪಿನ ಸಾರ.

ನ್ಯಾಯಮೂರ್ತಿ ಸರ್ಕಾರಿಯಾ ಅವರು ಬರೆದ ಆ ತೀರ್ಪು, ಪೇಟೆಂಟನ್ನು ಓದುವ ಕ್ರಮವನ್ನೂ ಹೇಳಿಕೊಟ್ಟಿತು. ಇಂಗ್ಲೆಂಡಿನ 19ನೇ ಶತಮಾನದ ತೀರ್ಪುಗಳನ್ನು ನೆನೆದು, ಮೊದಲೇ ಕ್ಲೇಮಿಗೆ ಹಾರಬೇಡಿ, ವಿವರಣೆಯನ್ನು ಓದಿ ಮನಸ್ಸನ್ನು ಹದ ಮಾಡಿಕೊಂಡು ಆಮೇಲೆ ಕ್ಲೇಮಿಗೆ ಬನ್ನಿ, ಎರಡನ್ನೂ ಕೂಡಿಸಿ ಅರ್ಥ ಮಾಡಿ ಎಂದಿತು. ಇವತ್ತಿಗೂ ನಮ್ಮ ಕೋರ್ಟುಗಳು ಕ್ಲೇಮಿನ ಅರ್ಥ ಹುಡುಕಲು ಹೊರಟಾಗ ಮೊದಲು ನೆನೆಯುವುದು ಇದನ್ನೇ. ಯುರೋಪಿಯನ್ ಪೇಟೆಂಟ್ ಆಫೀಸಿನ ಅತ್ಯುನ್ನತ ಮೇಲ್ಮನವಿ ಮಂಡಳಿ ಇದೇ ಪ್ರಶ್ನೆಗೆ ಉತ್ತರ ಕೊಟ್ಟದ್ದು 2025ರ ಜೂನ್ 18ರಂದು. ಬಿಸಿ ಮಾಡಿ ಸೇದುವ ತಂಬಾಕಿನ ಒಂದು ಪೇಟೆಂಟಿನಲ್ಲಿ ಹಾಳೆಯನ್ನು ಮುದುಡಿಸುವುದು ಎಂದರೇನು ಎಂಬ ಜಗಳ ಅಲ್ಲಿಗೆ ಹೋಗಿತ್ತು. ಕ್ಲೇಮು ಮೇಲ್ನೋಟಕ್ಕೆ ಸ್ಪಷ್ಟವಾಗಿ ಕಂಡರೂ ವಿವರಣೆ ಮತ್ತು ಚಿತ್ರಗಳನ್ನು ಯಾವಾಗಲೂ ನೋಡಲೇಬೇಕು ಎಂದು ಮಂಡಳಿ ಹೇಳಿತು. ಮಿರ್ಜಾಪುರದ ಪಾತ್ರೆಯವರ ಜಗಳ ಈ ವಿಷಯದಲ್ಲಿ ನಮ್ಮನ್ನು ಬಹಳ ಮುಂದಿಟ್ಟಿತ್ತು ಎಂದು ಹೆಮ್ಮೆಪಡಬಹುದು. ಆದರೆ ಇಸವಿಗಳನ್ನು ಇನ್ನೊಮ್ಮೆ ನೋಡಿ. ಆಗಿನ ಕಾನೂನಿನಲ್ಲಿ ಪೇಟೆಂಟಿನ ಆಯಸ್ಸು 16 ವರ್ಷ. ತೀರ್ಪು ಬರುವ ಹೊತ್ತಿಗೆ ಅದು ಕಳೆದು ದಶಕವೇ ಆಗಿತ್ತು.

ವಿವರಣೆಯ ಬೆಳಕಿನಲ್ಲಿ ಓದುವುದು ಸರಿ, ಆದರೆ ಎಲ್ಲಿಯವರೆಗೆ? ಬ್ರಿಟನ್ನಿನ ಕ್ಯಾಟ್ನಿಕ್ ಪ್ರಕರಣದಲ್ಲಿ ಬಾಗಿಲಿನ ಮೇಲೆ ಕೂರಿಸುವ ಉಕ್ಕಿನ ಲಿಂಟಲ್ ಒಂದರ ಹಿಂದಿನ ಪಟ್ಟಿ ‘ಲಂಬವಾಗಿ’ ನಿಲ್ಲಬೇಕು ಎಂದು ಕ್ಲೇಮಿತ್ತು. ಎದುರಾಳಿ ಅದನ್ನು 6ರಿಂದ 8 ಡಿಗ್ರಿ ಓರೆಯಾಗಿಸಿ, ನನ್ನದು ಲಂಬವಲ್ಲ ಎಂದ. ಗಾರೆ ಕೆಲಸದವನ ಕಣ್ಣಿಗೆ, ಭಾರ ಹೊರುವ ಕೆಲಸ ಹಾಗೇ ನಡೆಯುತ್ತಿದ್ದರೆ, ಅದು ಲಂಬವೇ ಎಂದು 1980ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿತು. ಪದವನ್ನು ಅದರ ಉದ್ದೇಶದ ಜೊತೆಗೆ ಓದುವ ಈ ಕ್ರಮವನ್ನೇ ಮುಂದೆ ಹಲವು ದೇಶಗಳು ಹಿಡಿದವು.

ನಮ್ಮ ಸುತ್ತಮುತ್ತಲೇ ಈ ಪ್ರಶ್ನೆ ಎದ್ದದ್ದು ಬೈಕಿನ ಎಂಜಿನ್ನಿನಲ್ಲಿ. ಪುಣೆಯ ಬಜಾಜ್ ಆಟೋ ಕಂಪನಿ ಪಲ್ಸರ್ ಬೈಕಿನ ಮೇಲೆ ಡಿಟಿಎಸ್-ಐ ಎಂದು ಬರೆಸಿ ಮಾರಿದ ತಂತ್ರಕ್ಕೆ 2002ರ ಜುಲೈಯಲ್ಲಿ ಅರ್ಜಿ ಹಾಕಿ, 2005ರಲ್ಲಿ 195904 ಸಂಖ್ಯೆಯ ಪೇಟೆಂಟ್ ಪಡೆಯಿತು. ಸಣ್ಣ ಎಂಜಿನ್ನಿನ ಒಂದೇ ಸಿಲಿಂಡರಿಗೆ ಎದುರುಬದುರಾಗಿ ಎರಡು ಸ್ಪಾರ್ಕ್ ಪ್ಲಗ್ ಇಟ್ಟು, ಪೆಟ್ರೋಲು ಕಡಿಮೆ ಇರುವ ಮಿಶ್ರಣವನ್ನೂ ಚೆನ್ನಾಗಿ ಉರಿಸುವುದು ಅದರ ಹುರುಳು. ಕ್ಲೇಮಿನಲ್ಲಿ ಸಿಲಿಂಡರಿನ ಒಳವ್ಯಾಸ 45ರಿಂದ 70 ಮಿಲಿಮೀಟರ್ ಎಂದಿತ್ತು. ಸಿಲಿಂಡರಿಗೆ ಎರಡು ವಾಲ್ವು ಎಂದೂ ಇತ್ತು.

2007ರಲ್ಲಿ ಟಿವಿಎಸ್ ಕಂಪನಿ 125 ಸಿಸಿಯ ಫ್ಲೇಮ್ ಬೈಕನ್ನು ಪ್ರಕಟಿಸಿತು. ಹೊಸೂರಿನಲ್ಲೂ, ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯ ಕಡಕೊಳದ ಬಳಿಯೂ ಕಾರ್ಖಾನೆಗಳಿರುವ ಈ ಕಂಪನಿಯಲ್ಲಿ ದುಡಿಯುವ ಕನ್ನಡಿಗರು ಕಡಿಮೆಯಿಲ್ಲ. ಫ್ಲೇಮ್ ಎಂಜಿನ್ನಿಗೂ ಎರಡು ಪ್ಲಗ್. ಆದರೆ ವಾಲ್ವು ಮೂರು. ಮದ್ರಾಸ್ ಹೈಕೋರ್ಟಿನಲ್ಲಿ ಎರಡೂ ಕಡೆಯಿಂದ ದಾವೆಗಳು ಬಿದ್ದವು. ಆವಿಷ್ಕಾರದ ಜೀವ ಇರುವುದು ಎರಡು ಪ್ಲಗ್‌ನಲ್ಲಿ, ವಾಲ್ವಿನ ಸಂಖ್ಯೆ ಮುಖ್ಯವಲ್ಲ ಎಂದು ಬಜಾಜ್. ಟಿವಿಎಸ್ ವಾದ ಬೇರೆ: ನೀವೇ ಎರಡು ವಾಲ್ವು ಎಂದು ಬರೆದುಕೊಂಡಿರಿ, ಮೂರು ವಾಲ್ವಿನ ಎಂಜಿನ್ ನಿಮ್ಮ ಎಲ್ಲೆಯ ಹೊರಗಿದೆ. ಜೊತೆಗೆ ಎರಡು ಪ್ಲಗ್ ಹೋಂಡಾದ ಹಳೆಯ ಅಮೆರಿಕನ್ ಪೇಟೆಂಟಿನಲ್ಲೇ ಇದೆ.

2008ರ ಫೆಬ್ರವರಿಯಲ್ಲಿ ಏಕಸದಸ್ಯ ಪೀಠ ಬಜಾಜ್ ಪರವಾಗಿ ತಡೆಯಾಜ್ಞೆ ಕೊಟ್ಟಿತು. ಟಿವಿಎಸ್ ಒಂದೇ ಪ್ಲಗ್ ಹಾಕಿ ಬೈಕನ್ನು ಮಾರುಕಟ್ಟೆಗೆ ತರಬೇಕಾಯಿತು. 2009ರ ಮೇ ತಿಂಗಳಲ್ಲಿ ವಿಭಾಗೀಯ ಪೀಠ ತಡೆಯಾಜ್ಞೆ ತೆಗೆಯಿತು: ಮೇಲ್ನೋಟಕ್ಕೆ ಬಜಾಜ್‌ನ ಕ್ಲೇಮು ಎರಡು ವಾಲ್ವಿನ ಎಂಜಿನ್ನಿಗೆ ಸೀಮಿತ, ಮೂರು ವಾಲ್ವಿನದು ಬೇರೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಟಿವಿಎಸ್ ಮಾರಾಟ ಮಾಡಲಿ, ಲೆಕ್ಕ ಇಡಲಿ, ಮೂಲ ದಾವೆಯನ್ನು ನವೆಂಬರ್ 30ರೊಳಗೆ ಮುಗಿಸಿ ಎಂದು ಕಟ್ಟುನಿಟ್ಟಾಗಿ ಹೇಳಿತು. ಪೇಟೆಂಟ್ ದಾವೆಗಳು ತಡೆಯಾಜ್ಞೆಯ ಹಂತದಲ್ಲೇ ವರ್ಷಗಟ್ಟಲೆ ನಿಂತುಬಿಡುತ್ತವೆ ಎಂಬ ಬೇಸರ ಆ ಆದೇಶದಲ್ಲಿದೆ. ಆದರೂ ಜಗಳ ಮುಗಿದದ್ದು 2019ರ ಅಕ್ಟೋಬರಿನಲ್ಲಿ, ಇಬ್ಬರೂ ರಾಜಿಯಾಗಿ ಎಲ್ಲ ದಾವೆಗಳನ್ನು ಹಿಂತೆಗೆದುಕೊಂಡಾಗ. ಪೇಟೆಂಟಿನ ಆಯಸ್ಸಿನಲ್ಲಿ ಉಳಿದಿದ್ದದ್ದು ಮೂರು ವರ್ಷವೂ ಇಲ್ಲ.

ಈ ಪ್ರಕರಣದಲ್ಲಿ ವಿಭಾಗೀಯ ಪೀಠದ ಓದು ಸರಿ ಎಂದೇ ನನ್ನ ಅಭಿಪ್ರಾಯ. ವಾಲ್ವಿನ ಸಂಖ್ಯೆ ಬರೆಯದೇ ಬಿಟ್ಟಿದ್ದರೆ ಹಳೆಯ ಎಂಜಿನುಗಳೂ ಕ್ಲೇಮಿನೊಳಗೆ ಬಂದು ಪೇಟೆಂಟೇ ಬಿದ್ದುಹೋಗುವ ಅಪಾಯವಿರುತ್ತಿತ್ತು. ಕ್ಲೇಮನ್ನು ಉಳಿಸಿಕೊಳ್ಳಲು ಬೇಕಾದ ಮಿತಿಯನ್ನು, ಎದುರಾಳಿಯನ್ನು ಹಿಡಿಯುವಾಗ ಮಾತ್ರ ಮರೆತುಬಿಡಿ ಎನ್ನುವುದು ನ್ಯಾಯವಲ್ಲ. ಲಂಬ ಎಂಬುದು ಕೆಲವು ಡಿಗ್ರಿ ಅತ್ತಿತ್ತ ಆಗಬಹುದು. ಎರಡು ಎಂಬುದು ಮೂರಾಗಲಾರದು.

ಇನ್ನೊಂದು ಜಗಳದಲ್ಲಿ ಇದ್ದದ್ದು ಮುಂಬಯಿಯ ಔಷಧಿ ಕಂಪನಿ ಸಿಪ್ಲಾ. ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಎರ್ಲೊಟಿನಿಬ್ ಮಾತ್ರೆಯನ್ನು ರೋಶ್ ಕಂಪನಿ ಸುಮಾರು 4,800 ರೂಪಾಯಿಗೆ ಮಾರುತ್ತಿದ್ದಾಗ ಸಿಪ್ಲಾ 1,600ರ ಸುಮಾರಿಗೆ ತಂದಿತು. 2008ರಲ್ಲಿ ದೆಹಲಿ ಹೈಕೋರ್ಟಿಗೆ ದಾವೆ. ರೋಶ್‌ನ ಕ್ಲೇಮು ರಾಸಾಯನಿಕದ ಹೆಸರು ಹೇಳಿತ್ತು. ಆ ರಾಸಾಯನಿಕ ಹರಳುಗಟ್ಟುವ ಬಗೆಗಳಲ್ಲಿ ಯಾವುದು ಎಂದು ಹೇಳಿರಲಿಲ್ಲ. ಸಿಪ್ಲಾದ ಮಾತ್ರೆಯಲ್ಲಿ ಇದ್ದದ್ದು ಬಿ ಎಂಬ ಬಗೆಯ ಹರಳು. ಕ್ಲೇಮು ಎ ಮತ್ತು ಬಿ ಎಂಬ ಎರಡು ಬಗೆಗಳ ಮಿಶ್ರಣಕ್ಕೆ ಮಾತ್ರ ಎಂದು ಓದಿ 2012ರಲ್ಲಿ ಏಕಸದಸ್ಯ ಪೀಠ ಉಲ್ಲಂಘನೆಯಿಲ್ಲ ಎಂದಿತು. 2015ರ ನವೆಂಬರಿನಲ್ಲಿ ವಿಭಾಗೀಯ ಪೀಠ ಅದನ್ನು ತಿರುಗಿಸಿತು: ಕ್ಲೇಮಿನಲ್ಲಿ ಇಲ್ಲದ ಮಿತಿಯನ್ನು ಹೊರಗಿನಿಂದ ತಂದು ಸೇರಿಸುವಂತಿಲ್ಲ, ಹರಳು ಯಾವುದಾದರೂ ರಾಸಾಯನಿಕ ಅದೇ. ಆದರೆ ಪೇಟೆಂಟ್ ಮುಗಿಯಲು ಕೆಲವೇ ತಿಂಗಳಿದ್ದುದರಿಂದ ಮಾರಾಟ ನಿಲ್ಲಿಸುವ ಆದೇಶ ಕೊಡಲಿಲ್ಲ, ಲಾಭದ ಲೆಕ್ಕ ಒಪ್ಪಿಸಿ ಎಂದಿತು. ಒಂದೇ ವಾಕ್ಯದ ಎರಡು ಓದುಗಳ ನಡುವೆ ಎಂಟು ವರ್ಷಗಳಷ್ಟು ಕಾಲ ಕ್ಯಾನ್ಸರ್ ರೋಗಿಗಳು ಅಗ್ಗದ ಮಾತ್ರೆ ನಾಳೆಯೂ ಸಿಗುತ್ತದೆಯೇ ಎಂದು ತಿಳಿಯದೇ ಇರಬೇಕಾಯಿತು. ಇದನ್ನು ಬರೀ ವಕೀಲರ ವಿಷಯ ಎಂದು ಬಿಡಲು ನನ್ನಿಂದಾಗದು.

ಆಂಟಾಪ್ ಹಿಲ್‌ನ ಕೆಲಸದ ಬೆಲೆ ತಿಳಿಯುವುದು ಇಲ್ಲೇ. ಮಂಜೂರಾತಿಗೆ ಮುಂಚೆ ಅರ್ಜಿಯನ್ನು ಯಾರು ಬೇಕಾದರೂ ವಿರೋಧಿಸಬಹುದು, ವಿವರಣೆ ಸಾಕಷ್ಟು ಸ್ಪಷ್ಟವಾಗಿಲ್ಲ ಎಂಬ ಕಾರಣವನ್ನೂ ಸೇರಿಸಿ. ಕ್ಷಯದ ಬೆಡಾಕ್ವಿಲಿನ್ ಔಷಧಿಯ ಫ್ಯೂಮರೇಟ್ ಲವಣಕ್ಕೆ ಸಂಬಂಧಿಸಿದ ಜಾನ್ಸನ್ ಅಂಡ್ ಜಾನ್ಸನ್ ಅರ್ಜಿ 2009ರಲ್ಲಿ ಮುಂಬಯಿ ಕಚೇರಿಗೆ ಬಂದಿತ್ತು. ಕ್ಷಯದಿಂದ ಗುಣವಾಗಿ, ಚಿಕಿತ್ಸೆಯ ಅಡ್ಡಪರಿಣಾಮದಿಂದ ಕಿವಿ ಕೇಳುವ ಶಕ್ತಿ ಕಳೆದುಕೊಂಡ ಮುಂಬಯಿಯ ನಂದಿತಾ ವೆಂಕಟೇಶನ್ ಹಾಗೂ ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ 2019ರಲ್ಲಿ ಅದನ್ನು ವಿರೋಧಿಸಿದರು. 2023ರ ಮಾರ್ಚ್ 23ರಂದು ಕಚೇರಿ ಅರ್ಜಿಯನ್ನು ತಿರಸ್ಕರಿಸಿತು. ಅಲ್ಲಿ ಮುಖ್ಯವಾಗಿ ಚರ್ಚೆಯಾದದ್ದು ಹೊಸತನ ಎಷ್ಟಿದೆ ಎಂಬುದು, ಪದಗಳ ಮಸುಕಲ್ಲ. ಆದರೆ ಕ್ಲೇಮು ಹಕ್ಕಾಗಿ ಗಟ್ಟಿಯಾಗುವ ಮೊದಲೇ ಸಾಮಾನ್ಯರೂ ಅದನ್ನು ಪ್ರಶ್ನಿಸಿ ಗೆಲ್ಲಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿಲ್ಲ.

ಕಚೇರಿಯ ಕೆಲಸದಲ್ಲಿ ಕೊರತೆಯೂ ಇದೆ. ಎಫ್‌ಇಆರ್‌ನಲ್ಲಿ ಕ್ಲೇಮು ಸ್ಪಷ್ಟವಾಗಿಲ್ಲ ಎಂದು ಒಂದೇ ಸಾಲು ಬರೆದು, ಯಾವ ಪದ, ಏಕೆ ಎಂದು ಹೇಳದಿದ್ದರೆ ಅರ್ಜಿದಾರ ಏನನ್ನು ತಿದ್ದಬೇಕು? ಉತ್ತರ ಒಪ್ಪಿಗೆಯಾಗದಿದ್ದರೆ, ಅರ್ಜಿಯನ್ನು ತೀರ್ಮಾನಿಸುವ ಅಧಿಕಾರಿಯಾದ ಕಂಟ್ರೋಲರ್ ಮುಂದೆ ವಿಚಾರಣೆ ಇರುತ್ತದೆ, ಈಗ ವಿಡಿಯೋ ಮೂಲಕ. ಮುಗಿದ ಮೇಲೆ ಲಿಖಿತ ವಾದಕ್ಕೆ 15 ದಿನ. ಆಕ್ಷೇಪ ಯಾವ ಪದದ ಮೇಲೆ ಎಂದು ತಿಳಿದಿದ್ದರೆ ಇಷ್ಟು ಕಾಲ ಸಾಕು, ತಿಳಿಯದಿದ್ದರೆ ಎಷ್ಟು ಕೊಟ್ಟರೂ ಸಾಲದು. ಕಾರಣ ಕೊಡದ ತಿರಸ್ಕಾರದ ಆದೇಶಗಳನ್ನು ಹೈಕೋರ್ಟುಗಳು ಮತ್ತೆ ವಿಚಾರಿಸಿ ಎಂದು ಹಿಂದಕ್ಕೆ ಕಳಿಸಿವೆ. ಮೇಲ್ಮನವಿ ಕೇಳುತ್ತಿದ್ದ ಮಂಡಳಿ 2021ರಲ್ಲಿ ರದ್ದಾದ ಮೇಲೆ ಆ ಕೆಲಸವೂ ಹೈಕೋರ್ಟುಗಳದ್ದೇ. ಪರೀಕ್ಷಕರು ಗೆರೆ ಎಳೆದ ಪದದ ಪಕ್ಕದಲ್ಲಿ ಕಾರಣವನ್ನೂ ಬರೆಯಬೇಕು. ಒಳ್ಳೆಯ ಪರೀಕ್ಷಕರು ಈಗಲೂ ಬರೆಯುತ್ತಾರೆ. ಅದು ಎಲ್ಲರಿಗೂ ಕಡ್ಡಾಯವಾಗಲಿ.

ಮಸುಕಾದ ಕ್ಲೇಮು ಮಂಜೂರಾಗಿ, ನಿಮ್ಮ ವರ್ಕ್‌ಶಾಪಿಗೆ ವಕೀಲರ ನೋಟಿಸು ಬಂದೇಬಿಟ್ಟಿತು ಎನ್ನೋಣ. ಹೆದರಿ ಯಂತ್ರ ನಿಲ್ಲಿಸುವುದೊಂದೇ ದಾರಿಯಲ್ಲ. ಮಂಜೂರಾತಿ ಪ್ರಕಟವಾಗಿ ಒಂದು ವರ್ಷ ಕಳೆದಿರದಿದ್ದರೆ ಪೇಟೆಂಟ್ ಆಫೀಸಿನಲ್ಲೇ ವಿರೋಧ ಸಲ್ಲಿಸಬಹುದು. ಕ್ಲೇಮಿನ ಎಲ್ಲೆ ಸಾಕಷ್ಟು ಸ್ಪಷ್ಟವಾಗಿಲ್ಲ ಎಂಬ ಕಾರಣಕ್ಕೇ ಪೇಟೆಂಟನ್ನು ರದ್ದು ಮಾಡಿಸಲು 64ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆಧಾರವಿಲ್ಲದೆ ಬೆದರಿಸಿದವರ ವಿರುದ್ಧ 106ನೇ ಸೆಕ್ಷನ್ ಇದೆ. ಬಜಾಜ್ ವಿರುದ್ಧ ಟಿವಿಎಸ್ ಹಿಡಿದದ್ದು ಇದನ್ನೇ. ದೆಹಲಿ ಹೈಕೋರ್ಟು 2022ರಲ್ಲಿ ಮಾಡಿದ ಪೇಟೆಂಟ್ ದಾವೆ ನಿಯಮಗಳ ಪ್ರಕಾರ, ಕ್ಲೇಮನ್ನು ತಾವು ಹೇಗೆ ಓದುತ್ತೇವೆ ಎಂಬ ಟಿಪ್ಪಣಿಯನ್ನು ಎರಡೂ ಕಡೆಯವರು ಆರಂಭದ ಹಂತದಲ್ಲೇ ಕೊಡಬೇಕು. ಬಾಂಬೆ ಮತ್ತು ಕರ್ನಾಟಕ ಹೈಕೋರ್ಟುಗಳಲ್ಲೂ ಇದು ರೂಢಿಗೆ ಬಂದರೆ ಬಹಳಷ್ಟು ವರ್ಷಗಳು ಉಳಿದಾವು.

ಇನ್ನೊಂದು ದಾರಿ 105ನೇ ಸೆಕ್ಷನ್. ಅದು ನಮ್ಮ ಸಣ್ಣ ಕೈಗಾರಿಕೆಯವರಿಗೆ ಗೊತ್ತಿರುವುದೇ ಕಡಿಮೆ. ದಾವೆ ಬೀಳುವ ತನಕ ಕಾಯಬೇಕಿಲ್ಲ. ನಿಮ್ಮ ಯಂತ್ರದ ಪೂರ್ತಿ ವಿವರವನ್ನು ಲಿಖಿತವಾಗಿ ಪೇಟೆಂಟ್ ಇರುವವರಿಗೆ ಕಳಿಸಿ, ಇದು ನಿಮ್ಮ ಕ್ಲೇಮಿನ ಎಲ್ಲೆಗೆ ಬರುವುದಿಲ್ಲ ಎಂದು ಬರೆದು ಕೊಡಿ ಎಂದು ಕೇಳಬೇಕು. ಅವರು ಒಪ್ಪದಿದ್ದರೆ, ಇಲ್ಲವೇ ಉತ್ತರವನ್ನೇ ಕೊಡದಿದ್ದರೆ, ಉಲ್ಲಂಘನೆ ಆಗಿಲ್ಲ ಎಂಬ ಘೋಷಣೆಗಾಗಿ ನೀವೇ ಕೋರ್ಟಿಗೆ ಹೋಗಬಹುದು. ಆ ಪತ್ರ ಬರೆಯುವಾಗ ಕ್ಲೇಮಿನ ಒಂದೊಂದು ಅಂಶವನ್ನೂ ಬಿಡಿಸಿ ಎಡಕ್ಕೆ ಬರೆಯಿರಿ, ನಿಮ್ಮ ಯಂತ್ರದಲ್ಲಿ ಅದರ ಬದಲಿಗೆ ಇರುವುದನ್ನು ಬಲಕ್ಕೆ. ಎಡಗಡೆಯ ಒಂದು ಅಂಶಕ್ಕಾದರೂ ಬಲಗಡೆ ಜೋಡಿ ಸಿಗದಿದ್ದರೆ ನಿಮ್ಮ ವಾದ ಶುರುವಾಗಬೇಕಾದದ್ದು ಆ ಸಾಲಿನಿಂದ.